ಮೂರು ಪಾರ್ಕು, ಮೂರು ವರ, ಒಂದು ಖಾಲಿ ಸೀಟು

ನಮ್ಮ ಮನೆಯಲ್ಲಿ ಯಾವ ಕಾರ್ಯವೂ ತನ್ನ ಸ್ವಂತ ಹೆಸರಿನಲ್ಲಿ ನಡೆದ ಉದಾಹರಣೆ ಇಲ್ಲ. ಜಗಳ ನಡೆಯುವುದು ಚಹಾಕ್ಕೆ ಸಕ್ಕರೆ ಕಡಿಮೆಯಾದ ಹೆಸರಿನಲ್ಲಿ. ಅಳು ನಡೆಯುವುದು ಉಳ್ಳಾಗಡ್ಡಿಯ ಹೆಸರಿನಲ್ಲಿ. ಆದ್ದರಿಂದ, ಗಾಣಗಾಪುರಕ್ಕಿಂತ ಆಚೆ ಎಂದೂ ಪ್ರವಾಸ ಹೋಗದ ನನ್ನ ಅಪ್ಪ ಈ ಸಲದ ದಸರಾ ರಜೆಯಲ್ಲಿ "ಎಲ್ಲಾರೂ ಕೂಡಿ ಪಾರ್ಕು, ರಿಸಾರ್ಟು ನೋಡ್ಕೊಂಡು ಬರೂಣು" ಎಂದಾಗ ನಾನು ಸಂತೋಷಪಡಲಿಲ್ಲ. ಕಾರಣ ಹುಡುಕಿದೆ. ಕಾರಣ ನಾನೇ ಆಗಿದ್ದೆ.

ನಮ್ಮದು ಆಳಂದ ತಾಲೂಕಿನ ಸರಸಂಬಾ. ಅಲ್ಲಿ ಒಂದು ಮನೆಯ ಮುಂದೆ ಅಪರಿಚಿತ ಕಾರು ನಿಂತರೆ, ಒಳಗೆ ಚಹಾ ಕುದಿಯುವ ಮೊದಲೇ ಆಳಂದದ ಬಸ್ ನಿಲ್ದಾಣದಲ್ಲಿ ಸುದ್ದಿ ಕುದಿಯುತ್ತಿರುತ್ತದೆ. ಹಿಂದಿನ ವರ್ಷ ಎರಡು ಕಡೆಯವರು ನನ್ನನ್ನು ನೋಡಿ ಹೋಗಿದ್ದರು. ಒಬ್ಬರಿಗೆ ನನ್ನ ಎತ್ತರ ಹೆಚ್ಚಾಯಿತು, ಇನ್ನೊಬ್ಬರಿಗೆ ಕಡಿಮೆಯಾಯಿತು. ನಡುವಿನ ಅವಧಿಯಲ್ಲಿ ನಾನು ಇದ್ದಷ್ಟೇ ಇದ್ದೆ. ಆದರೆ ಎರಡು ಸಲ ಬೇಡವಾದ ಹುಡುಗಿ ಎಂಬ ಹೆಸರು ಊರಲ್ಲಿ ನಿಂತಿತು.

ಅಪ್ಪನ ಅಕ್ಕ, ಅಂದರೆ ನನ್ನ ಸೋದರತ್ತೆ, ಇದಕ್ಕೊಂದು ಪರಿಹಾರ ಕಂಡುಹಿಡಿದರು. "ಹೊರಗಿನ ಊರಾಗ ತೋರಸೂಣು ತಮ್ಮಾ. ಸೂಟಿಗಿ ಅವರೂ ಹೊಂಟಾರ, ನಾವೂ ಹೋಗೂಣು. ಅಲ್ಲಿ ಸುಮ್ನ ಭೆಟ್ಟಿ ಆದಂಗ ಆಗ್ತದ. ಒಪ್ಪಿದ್ರ ಹೇಳೂದು, ಇಲ್ಲಂದ್ರ ಯಾರಿಗಿ ಗೊತ್ತಾಗ್ತದ?" ಹೀಗೆ ಮೂರು ಸ್ಥಳ, ಮೂರು ಮನೆತನ ನಿಗದಿಯಾದವು: ಅಫಜಲಪುರ ತಾಲೂಕಿನ ಹವಳಗಾದವರು, ಆಳಂದ ಪೇಟೆಯವರು, ಜೇವರ್ಗಿಯವರು.

ನನಗೆ ಧಾರವಾಡದಲ್ಲಿ ಎಂ.ಎಸ್ಸಿ. ಭೌತಶಾಸ್ತ್ರದ ಸೀಟು ಸಿಕ್ಕಿತ್ತು. ರಜೆ ಮುಗಿದ ಮೇಲಿನ ಸೋಮವಾರ ಹಾಸ್ಟೆಲು ಸೇರಬೇಕಿತ್ತು. ಅಪ್ಪ ಒಂದು ಮಾತು ಕೊಟ್ಟರು: "ಮೂರೂ ಆಗಲಿಲ್ಲಂದ್ರ ಧಾರವಾಡಕ್ಕ ನಾನೇ ಬಿಟ್ಟು ಬರ್ತೇನಿ. ಆದ್ರ ನೀ ನಡುವ ಬಾಯಿ ಹಾಕಬಾರದು."

ನಾನು ಒಪ್ಪಿದೆ. ಪದವಿಯ ನಂತರ ನನಗೆ ದೊರೆತ ಮೊದಲ ಉದ್ಯೋಗ ಅದು: ಸುಮ್ಮನಿರುವುದು.

ಹಳ್ಳಿಯವರು ಹಳ್ಳಿ ನೋಡಿದ್ದು

ಮೊದಲನೆಯದು ಸೋಲಾಪುರದ ಆಚೆಯ ಒಂದು ಹಳ್ಳಿ ರಿಸಾರ್ಟು. ಪೇಟೆಯ ಜನ ಹಳ್ಳಿಯ ಬದುಕನ್ನು ಅನುಭವಿಸಲೆಂದು ಕಟ್ಟಿದ ಸ್ಥಳ. ಸಗಣಿ ಸಾರಿಸಿದಂತೆ ಬಣ್ಣ ಬಳಿದ ಸಿಮೆಂಟಿನ ಅಂಗಳ, ನೀರಿಲ್ಲದ ಬಾವಿ, ಟಿಕೆಟ್ಟು ಪಡೆದು ಹತ್ತುವ ಎತ್ತಿನ ಬಂಡಿ. ಹುಟ್ಟಿದಂದಿನಿಂದ ಬಂಡಿ ಹೂಡಿದ ಅಪ್ಪ ಟಿಕೆಟ್ಟು ಹಿಡಿದು ಸರದಿಯಲ್ಲಿ ನಿಂತರು. ಒಂದು ಮೂಲೆಯಲ್ಲಿ 'ನೀವೂ ರೊಟ್ಟಿ ತಟ್ಟಿ ನೋಡಿ' ಎಂಬ ಫಲಕವಿತ್ತು. ಅಲ್ಲಿ ಒಬ್ಬಾಕೆ ತಟ್ಟಿದ ರೊಟ್ಟಿಗಳೆಲ್ಲ ಹರಿಯುತ್ತಿದ್ದುದನ್ನು ಅವ್ವ ಸ್ವಲ್ಪ ಹೊತ್ತು ಸಹಿಸಿದಳು. ಆಮೇಲೆ "ಸ್ವಲ್ಪ ಸರೀವ್ವಾ" ಎಂದು ಕುಳಿತವಳು ಹಿಟ್ಟು ಮುಗಿಯುವ ತನಕ ಏಳಲಿಲ್ಲ. ಪುಣೆಯಿಂದ ಬಂದವರು ಅವಳ ಫೋಟೋ ತೆಗೆದುಕೊಂಡರು. ನಮ್ಮಲ್ಲಿ ರಜೆಯ ಮೊದಲ ದಿನವೇ ಕೆಲಸಕ್ಕೆ ಸೇರಿದ ಏಕೈಕ ವ್ಯಕ್ತಿ ಅವ್ವ.

ಹವಳಗಾದವರು ಬಂದರು. ಕಬ್ಬು ಬೆಳೆಯುವ ಮನೆ. "ಅಯ್ಯ, ನೀವೂ ಇಲ್ಲೇ ಅದೀರೇನ್ರಿ!" ಎಂದರು ಅತ್ತೆ. ಅವರು ಹಿಂದಿನ ದಿನದಿಂದ ಅಭ್ಯಾಸ ಮಾಡಿದ ಆಶ್ಚರ್ಯ ಅದು. ನನ್ನನ್ನು ಹಗ್ಗದ ಹೊರಸಿನ ಒಂದು ತುದಿಗೆ, ಹುಡುಗನನ್ನು ಇನ್ನೊಂದು ತುದಿಗೆ ಕೂರಿಸಲಾಯಿತು. ಅವನು ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದ. ನಾನು ನೀರಿಲ್ಲದ ಬಾವಿಯನ್ನು ನೋಡುತ್ತಿದ್ದೆ.

ಅಪ್ಪ ಮತ್ತು ಹುಡುಗನ ತಂದೆ ಬಂಡಿಯ ಎತ್ತುಗಳ ಬಳಿ ನಿಂತಿದ್ದರು.

"ಇವು ಎತ್ತೇನ್ರಿ? ಹಲ್ಲು ನೋಡ್ರಿ, ಯಾವಾಗೋ ಮುಗದದ ಇದರ ಕಥಿ."

"ಇದನ್ನೇನ್ ನೋಡ್ತೀರಿ, ನಮ್ಮ ಹೋರಿ ನೋಡ್ರಿ," ಎಂದು ಅಪ್ಪ ಮೊಬೈಲು ತೆಗೆದರು.

ಆ ಮೊಬೈಲಿನಲ್ಲಿ, ಇವರಿಗೆ ತೋರಿಸಲೆಂದೇ ಅತ್ತೆ ತೆಗೆಸಿಟ್ಟಿದ್ದ ನನ್ನ ಫೋಟೋಗಳಿದ್ದವು. ಅವುಗಳನ್ನು ಬೆರಳಿನಿಂದ ಒಂದೊಂದಾಗಿ ಪಕ್ಕಕ್ಕೆ ಸರಿಸಿ ಅಪ್ಪ ಹೋರಿಯನ್ನು ತಲುಪಿದರು. ಮುಂದಿನ ಮಾತೆಲ್ಲ ಅದರ ಸುಳಿ, ಕೊಂಬು, ನಡಿಗೆಯ ಬಗ್ಗೆ ನಡೆಯಿತು.

ವಾಪಸು ಪ್ರವಾಸಕ್ಕೆ ಹಿಡಿದ ಜೀಪು ಹತ್ತಿದ ಕೂಡಲೇ ಅತ್ತೆ ಕೇಳಿದರು: "ಏನಂದ್ರು ತಮ್ಮಾ?"

"ಭಾಳ ಮನಸಿಗಿ ಬಂದದಂತಕ್ಕಾ."

"ಹುಡುಗಿ?"

"ಅಲ್ಲ, ಹೋರಿ. ಶುಕ್ರವಾರ ಮನಿಗೇ ಬಂದು ನೋಡ್ತಾರಂತ."

ಹೋರಿಯನ್ನು ನೋಡಲು ಯಾವ ಮರೆಯೂ ಬೇಕಾಗಲಿಲ್ಲ. ಅದು ಊರ ಮುಂದೆಯೇ ನಡೆಸಬಹುದಾದ ಮರ್ಯಾದಸ್ಥ ವ್ಯವಹಾರ.

ಊರಲ್ಲಿ ಇಲ್ಲದವರು

ಸೋಲಾಪುರ ಮುಗಿಸಿ ಹೈದರಾಬಾದಿಗೆ ಹೋಗುವಾಗ ನಮ್ಮೂರ ಕಡೆಗೆ ತಿರುಗುವ ರಸ್ತೆ ಸಿಗುತ್ತದೆ. ಅಲ್ಲಿ ಚಹಾದಂಗಡಿಯ ಮುಂದೆ ಜೀಪು ನಿಂತಿತು.

"ಎಮ್ಮಿಗಿ ನೀರು ಕುಡಿಸ್ಯಾರೋ ಇಲ್ಲೋ. ಒಂದ್ ಸಲ ಹಣಿಕಿ ಹಾಕಿ ಬರೂಣ್ರಿ ಅಕ್ಕಾರ," ಎಂದಳು ಅವ್ವ.

"ಹುಚ್ಚಿ ಏನ ಬೇ ನೀ?" ಅತ್ತೆ ದನಿ ತಗ್ಗಿಸಿದರು. "ನಾವು ಊರಾಗ ಇಲ್ಲ!"

ಅಷ್ಟರಲ್ಲಿ ನಮ್ಮ ಓಣಿಯ ಮುದುಕರೊಬ್ಬರು ಮಗನ ಬೈಕಿನಿಂದ ಇಳಿದು ಜೀಪಿನ ಕಿಟಕಿಯಲ್ಲಿ ಮುಖವಿಟ್ಟರು. "ಏನ್ರಿ, ಇಲ್ಲೇ ಅದೀರಿ?"

ಅತ್ತೆ ಸೆರಗು ಸರಿಮಾಡಿಕೊಂಡು, ಮುಖದ ಒಂದು ಗೆರೆಯೂ ಅಲುಗದಂತೆ ಹೇಳಿದರು: "ಇಲ್ರಿ. ನಾವು ಹೈದರಾಬಾದ್‌ನಾಗ ಅದೇವಿ."

ಮುದುಕರು ಸ್ವಲ್ಪವೂ ಗೊಂದಲಪಡಲಿಲ್ಲ. "ಹೌದೇನ್ರಿ? ಛಲೋ ಆತು, ಹುಷಾರ್ಲೆ ಬರ್ರಿ," ಎಂದು ಎರಡು ಹೆಜ್ಜೆ ಹೋಗಿ, ತಿರುಗಿ ನಿಂತರು.

"ಅಂದಂಗ, ಹವಳಗಾದವರು ಏನಂದ್ರು?"

ನೀಲಿ ಬಟ್ಟೆಯವರು

ಎರಡನೆಯದು ಹೈದರಾಬಾದಿನ ಹೊರವಲಯದ ವಾಟರ್ ಪಾರ್ಕು. ಆಳಂದದಲ್ಲಿ ಬಟ್ಟೆ ಅಂಗಡಿ ಇಟ್ಟ ಮನೆತನ ಅಲ್ಲಿಗೆ ಬರುವುದಿತ್ತು. ಗುರುತಿನ ವ್ಯವಸ್ಥೆಯನ್ನು ಅತ್ತೆ ಫೋನಿನಲ್ಲೇ ಮುಗಿಸಿದ್ದರು: "ನಾ ಹಸರ ಇಳಕಲ್ ಸೀರಿ ಉಟ್ಟಿರ್ತೇನ್ರಿ. ನೀವು ಕೆಂಪ ಉಟ್ಕೊಂಡು ಬರ್ರಿ."

ಪಾರ್ಕಿನ ಗೇಟಿನಲ್ಲಿ ಕಾವಲುಗಾರ ಹೇಳಿದ: ಸೀರೆಗೆ ಪ್ರವೇಶವಿಲ್ಲ. ನೈಲಾನ್ ಬಟ್ಟೆ ಬಾಡಿಗೆಗೆ ಸಿಗುತ್ತದೆ, ತಲೆಗೆ ಟೊಪ್ಪಿಗೆ ಕಡ್ಡಾಯ, ಮೊಬೈಲು ಲಾಕರಿನಲ್ಲಿ. ಅತ್ತೆ ವಾದಿಸಿ ಸೋತರು. ಹಸಿರು ಇಳಕಲ್ ಸೀರೆ ಲಾಕರ್ ಸೇರಿತು. ಕೆಲವು ನಿಮಿಷಗಳ ನಂತರ ನನ್ನ ಹಿರಿಯರು ಮೊಣಕಾಲ ತನಕದ ನೀಲಿ ಬಟ್ಟೆಯಲ್ಲಿ, ನೀಲಿ ಟೊಪ್ಪಿಗೆಯಲ್ಲಿ, ಯಾರದೋ ಅಪರಾಧಕ್ಕೆ ಶಿಕ್ಷೆ ಅನುಭವಿಸುವವರಂತೆ ಹೊರಬಂದರು. ಎದುರಿಗೆ ಅಲೆಗಳ ಕೊಳ. ಅದರ ತುಂಬ ನೀಲಿ ಬಟ್ಟೆಯ, ನೀಲಿ ಟೊಪ್ಪಿಗೆಯ ನೂರಾರು ಜನ.

ಅವರು ಹುಡುಕಾಟದಲ್ಲಿದ್ದಾಗ ನಾನು ಎತ್ತರದ ಜಾರುಬಂಡೆಯ ಸರದಿಯಲ್ಲಿ ನಿಂತೆ. ನನ್ನ ಪಾಳಿ ಬಂದಾಗ ಟ್ಯೂಬು ಹಿಡಿದವನು ನನ್ನ ಹಿಂದೆ ನೋಡಿದ. "ಅಕೇಲೇ?" ಎಂದ. ಒಬ್ಬಳೇ ಏನು ಎಂದು. ಹೌದೆಂದೆ. ಅದು ಇಬ್ಬರ ಟ್ಯೂಬು, ಒಬ್ಬರಿಗೆ ಬಿಡುವುದಿಲ್ಲವಂತೆ. ಕೆಳಗೆ ಬಂದು ಅವ್ವನನ್ನು ಕರೆದೆ. "ನಾ ಲಾಕರ್ ಚಾವಿ ಕಾಯಾಕತ್ತೇನಿ," ಎಂದಳು. ಚಾವಿ ಅವಳ ಮಣಿಕಟ್ಟಿಗೇ ಕಟ್ಟಿತ್ತು. ಜಾರುಬಂಡೆಯಿಂದ ಜೋಡಿಗಳು ಕಿರುಚುತ್ತ ಇಳಿಯುವುದನ್ನು ನಾನು ನೋಡುತ್ತ ನಿಂತೆ.

ಅತ್ತೆ ಓಡಿಬಂದು ನನ್ನ ರಟ್ಟೆ ಹಿಡಿದರು. "ಸಿಕ್ಕಾರ! ಆ ಛತ್ರಿ ಕೆಳಗ ಕೂತಾರ. ಹುಡುಗ ಎತ್ತರ ಅದಾನ." ನನ್ನ ಕೈಗೆ ಕ್ಯಾಂಟೀನಿನ ತಟ್ಟೆ ಬಂತು, ಅದರಲ್ಲಿ ಸಮೋಸಾ, ಚಹಾ. ಹುಡುಗಿ ತಿಂಡಿ ತಂದುಕೊಡದಿದ್ದರೆ ಅದು ನೋಡುವ ಶಾಸ್ತ್ರವೇ ಅಲ್ಲ. ಒದ್ದೆ ನೈಲಾನಿನಲ್ಲಿ, ತಲೆ ಬಗ್ಗಿಸಿ, ನಾನು ತಟ್ಟೆ ಹಿಡಿದು ನಡೆದೆ. ಅವರು ಒಂದು ಮಾತೂ ಆಡದೆ ಎಲ್ಲವನ್ನೂ ತಿಂದರು. ಅತ್ತೆ ಪಕ್ಕದಲ್ಲಿ ಕುಳಿತು ಹೊಲ ಎಷ್ಟು, ಹುಡುಗ ಏನು ಓದಿದ್ದಾನೆ ಎಂದು ಕೇಳಿದರು. ಅವರು ನಗುನಗುತ್ತ ತಲೆಯಾಡಿಸಿದರು. ಅವರಿಗೆ ಕನ್ನಡ ಬರುತ್ತಿರಲಿಲ್ಲ.

ಕೊನೆಗೆ ಹುಡುಗನ ತಾಯಿ ಖಾಲಿ ತಟ್ಟೆಯನ್ನು ನನ್ನ ಕೈಗಿಟ್ಟು ಹೇಳಿದರು: "ಬೇಟೀ, ಔರ್ ಏಕ್ ಪ್ಲೇಟ್ ಲಾನಾ. ಚಟ್ನಿ ಜ್ಯಾದಾ." ಇನ್ನೊಂದು ಪ್ಲೇಟು ತರಬೇಕಂತೆ, ಚಟ್ನಿ ಹೆಚ್ಚಿಗೆ ಹಾಕಿ.

ಆಳಂದದವರು ಸಂಜೆ ಫೋನು ಮಾಡಿದರು. ಅವರು ಪಕ್ಕದ ಛತ್ರಿಯ ಕೆಳಗೇ ಇದ್ದರಂತೆ. ಅತ್ತೆಯ ದನಿಯಿಂದ ಗುರುತು ಹಿಡಿದಿದ್ದರಂತೆ. "ನಿಮ್ಮ ಹುಡುಗೀನ್ನ ಆಗ್ಲೇ ಬ್ಯಾರೇದವರು ನೋಡಾಕತ್ತಿದ್ರಲ್ರಿ. ನಡುವ ಬರೂದು ಸರಿ ಅಲ್ಲಂತ ನಾವು ಎದ್ದು ಬಂದ್ವಿ."

ಜೋಡಿ

ಮೂರನೆಯದು ಹೈದರಾಬಾದಿನಲ್ಲೇ, ಎತ್ತರದ ಯಂತ್ರಗಳಿರುವ ಅಮ್ಯೂಸ್‌ಮೆಂಟ್ ಪಾರ್ಕು. ಜೇವರ್ಗಿಯ ಹುಡುಗ ಸರ್ಕಾರಿ ಎಂಜಿನಿಯರ್. ಅವನ ತಾಯಿ ನಿವೃತ್ತ ಮುಖ್ಯಾಧ್ಯಾಪಕಿ. ಅವರು ಆಶ್ಚರ್ಯದ ನಾಟಕವಾಡಲಿಲ್ಲ. ಬೆಂಚಿನ ಮೇಲೆ ತಮ್ಮ ಪಕ್ಕದಲ್ಲಿ ಜಾಗ ಮಾಡಿ, "ಏನ್ ಓದೀಯವ್ವಾ?" ಎಂದರು.

"ಫಿಜಿಕ್ಸ್ ರಿ. ಎಂ.ಎಸ್ಸಿ. ಸೀಟ್ ಸಿಕ್ಕದ್ರಿ, ಧಾರವಾಡದಾಗ."

ಅತ್ತೆ ಕೆಮ್ಮಿದರು. ಆದರೆ ಆಕೆ ಗಮನವಿಟ್ಟು ಕೇಳುತ್ತಿದ್ದರು: ಯಾವ ವಿಷಯ ಇಷ್ಟ, ಯಾಕೆ ಇಷ್ಟ. ಪ್ರವಾಸ ಹೊರಟಾಗಿನಿಂದ ನನ್ನ ಬಗ್ಗೆ ನನ್ನನ್ನೇ ಯಾರಾದರೂ ಪ್ರಶ್ನೆ ಕೇಳಿದ್ದು ಅದೇ ಮೊದಲು. ಉತ್ತರಿಸುವಾಗ ನನಗೆ ಹಿತವೆನಿಸಿತು. ಹಿತವೆನಿಸಿದ್ದಕ್ಕೆ ಸಿಟ್ಟು ಬಂತು. ಕೊನೆಗೆ ಆಕೆ ತೃಪ್ತಿಯಿಂದ ಅಪ್ಪನ ಕಡೆ ತಿರುಗಿದರು.

"ಛಲೋ ಆತ್ರಿ. ಮೊಮ್ಮಕ್ಕಳಿಗಿ ಟ್ಯೂಷನ್ ಹಚ್ಚೂದು ತಪ್ಪತು. ನಮಗ ಹುಡುಗಿ ಪಸಂದ್ ಅದಾಳ. ಹುಡುಗಗೊಂದು ಮಾತು ಕೇಳೂಣು."

ನನ್ನ ಧಾರವಾಡ ಒಬ್ಬ ಅಪರಿಚಿತನ ಒಂದು ತಲೆಯಾಡಿಕೆಯ ಅಂತರದಲ್ಲಿತ್ತು. ನಾನು ಮಾತಿಗೆ ಕಟ್ಟುಬಿದ್ದು ಸುಮ್ಮನಿದ್ದೆ.

ಅಲ್ಲಿಗೇ ಬಿಟ್ಟಿದ್ದರೆ ಮದುವೆ ಆಗಿಯೇ ಹೋಗುತ್ತಿತ್ತು. ಆದರೆ ಅತ್ತೆ ರೋಲರ್ ಕೋಸ್ಟರನ್ನು ನೋಡಿದರು. ಅದು ಕಡಿದಾಗಿ ಬೀಳುವ ಜಾಗದಲ್ಲಿ ಕ್ಯಾಮೆರಾ ತಾನಾಗಿಯೇ ಫೋಟೋ ತೆಗೆಯುತ್ತದೆ, ಹೊರಬರುವ ದಾರಿಯಲ್ಲಿ ದೊಡ್ಡ ಪರದೆಯ ಮೇಲೆ ತೋರಿಸುತ್ತಾರೆ ಎಂದು ಯಾರೋ ಅವರಿಗೆ ಹೇಳಿದ್ದರು. "ಇಬ್ಬರೂ ಕೂಡಿ ಒಂದು ಸುತ್ತು ಹೋಗಿ ಬರ್ಲಿ. ಜೋಡಿ ಹೆಂಗ ಕಾಣ್ತದ ನೋಡೂಣು!"

ತಾವು ಹತ್ತುವುದಿಲ್ಲ, ನಾವಿಬ್ಬರೂ ಒಟ್ಟಿಗೆ ಕೂರುವುದನ್ನು ಖಚಿತಪಡಿಸಿಕೊಂಡು ಇಳಿಯುವುದಾಗಿ ಹೇಳಿ ಅತ್ತೆ ಮೇಲಿನ ಕಟ್ಟೆಯ ತನಕ ಬಂದರು. ಹುಡುಗ ಮೊದಲ ಸಾಲಿನಲ್ಲಿ ಕುಳಿತ. ಅತ್ತೆ ನನಗೆ ದಾರಿ ತೋರಿಸಲು ಒಂದು ಹೆಜ್ಜೆ ಮುಂದಿಟ್ಟರು. ಬಾಗಿಲಲ್ಲಿದ್ದ ನೌಕರನಿಗೆ ಕಂಡದ್ದು ಹತ್ತಲು ಅಂಜುತ್ತಿರುವ ಒಬ್ಬ ಹಿರಿಯ ಹೆಂಗಸು. "ಆಂಟೀ, ಜಲ್ದೀ!" ಎಂದು ಹುಡುಗನ ಪಕ್ಕದಲ್ಲಿ ಕೂರಿಸಿ, ಕಬ್ಬಿಣದ ಸರಳನ್ನು ಎಳೆದು ಬಿಗಿದುಬಿಟ್ಟ.

"ನಾ ಅಲ್ಲೋ! ಹುಡುಗೀನ್ನ ಕೂಡಿಸೋ!" ಅತ್ತೆ ಕೂಗಿದರು. ಅವನು ಅದನ್ನು ಉತ್ಸಾಹವೆಂದು ತಿಳಿದ. ನಂತರ ನನ್ನ ಕಡೆ ತಿರುಗಿದ. "ಅಕೇಲೇ?"

ಎರಡನೆಯ ಸಾಲಿನಲ್ಲಿ, ಖಾಲಿ ಸೀಟಿನ ಪಕ್ಕ, ನನ್ನನ್ನು ಕೂರಿಸಿದ. ಇಲ್ಲಿ ಒಬ್ಬರನ್ನು ಬಿಡುತ್ತಿದ್ದರು.

ಏರಿನ ತುದಿಯಲ್ಲಿ ಗಾಡಿ ಒಂದು ಕ್ಷಣ ನಿಂತಂತಾಗಿ, ಬಿತ್ತು. ಬೀಳುವ ವಸ್ತುವಿಗೆ ತನ್ನ ತೂಕ ಗೊತ್ತಾಗುವುದಿಲ್ಲವೆಂದು ನಾನು ಪರೀಕ್ಷೆಯಲ್ಲಿ ಬರೆದಿದ್ದೆ. ದೇಹಕ್ಕೆ ತಿಳಿದದ್ದು ಆಗ. ಮುಂದಿನ ಸಾಲಿನಲ್ಲಿ ಅತ್ತೆ ದತ್ತ ಮಹಾರಾಜರಿಂದ ಹಿಡಿದು ಊರ ಲಕ್ಕಮ್ಮನ ತನಕ ಎಲ್ಲರನ್ನೂ ಕರೆಯುತ್ತಿದ್ದರು. ಸರ್ಕಾರಿ ಎಂಜಿನಿಯರ್ ತನ್ನ ಅವ್ವನನ್ನು ಕರೆಯುತ್ತಿದ್ದ.

ಕೆಳಗೆ ಎರಡೂ ಮನೆತನ ಪರದೆಯ ಮುಂದೆ ಕಾಯುತ್ತಿದ್ದವು. ಫೋಟೋ ಮೂಡಿತು. ಹುಡುಗನ ಮುಖ ಅತ್ತೆಯ ಕೊರಳಲ್ಲಿ ಹುದುಗಿತ್ತು. ಅತ್ತೆಯ ಒಂದು ಕೈ ಅವನ ಕೂದಲಲ್ಲಿ, ಇನ್ನೊಂದು ಅವನ ಕಾಲರಿನಲ್ಲಿ. ಇಬ್ಬರ ಕಣ್ಣೂ ಮುಚ್ಚಿದ್ದವು.

ಮುಖ್ಯಾಧ್ಯಾಪಕಿ ಕನ್ನಡಕ ಏರಿಸಿ, ಉತ್ತರಪತ್ರಿಕೆ ನೋಡುವಂತೆ ಪರದೆಯನ್ನು ನೋಡಿದರು.

"ಜೋಡಿ ಏನೋ ಛಲೋ ಅದ್ರಿ," ಎಂದರು. "ಹುಡುಗಿ ವಯಸ್ಸೇ ಸ್ವಲ್ಪ ಜಾಸ್ತಿ ಆತು."

ಸುತ್ತಲಿನ ಅಪರಿಚಿತರೆಲ್ಲ ನಕ್ಕರು. ಹುಡುಗ ನೀರು ಕುಡಿದು ಬರುತ್ತೇನೆಂದು ಹೋದವನು ವಾಪಸು ಬರಲಿಲ್ಲ. ತಾಯಿಗೆ ಫೋನು ಮಾಡಿ ಹೇಳಿದನಂತೆ: "ಅವ್ವಾ, ಆ ಅತ್ತಿ ಇರೂ ಮನಿ ಬ್ಯಾಡ."

ಬರುವಾಗ ಜೀಪಿನಲ್ಲಿ ಅತ್ತೆ ಮೆಲ್ಲಗೆ ಆರಂಭಿಸಿದರು. "ತಮ್ಮಾ, ಚೌಡಾಪುರದಾಗ ಇನ್ನೊಂದು ಮನಿ ಅದ. ಫೋಟೋ ಕಳಿಸ್ರಿ ಅಂದಾರ..."

ಅಪ್ಪ ರಸ್ತೆಯನ್ನೇ ನೋಡುತ್ತ ಹೇಳಿದರು: "ಬ್ಯಾಡಕ್ಕಾ. ಆ ಫೋಟೋ ನೋಡಿದ್ರ ಅವರು ನಿನ್ನೇ ಕೇಳ್ತಾರ."

ಸೋಮವಾರ ಅಪ್ಪ ನನ್ನನ್ನು ಧಾರವಾಡಕ್ಕೆ ಬಿಟ್ಟರು. ಹಾಸ್ಟೆಲಿನ ಗೇಟಿನಲ್ಲಿ ಟ್ರಂಕು ಇಳಿಸಿದರು. "ಹವಳಗಾದವರು ಬಂದಿದ್ರಲ್ಲ, ಹೋರಿ ಏನಾತಪ್ಪಾ?" ಎಂದು ಕೇಳಿದೆ.

"ಕೊಡಲಿಲ್ಲ," ಎಂದರು ಬೇರೆ ಕಡೆ ನೋಡುತ್ತ. "ಇನ್ನಾ ಸಣ್ಣದದ."

ಆ ಫೋಟೋವನ್ನು ಬೇರೆ ಯಾರೂ ನೋಡಬಾರದೆಂದು ಅತ್ತೆ ಪಾರ್ಕಿನಲ್ಲೇ ಕೊಂಡು, ಸುಡು ಎಂದು ಅವ್ವನ ಕೈಗೆ ಕೊಟ್ಟಿದ್ದರು. ಅವ್ವ ಅದನ್ನು ನನ್ನ ಟ್ರಂಕಿನ ತಳದಲ್ಲಿಟ್ಟಿದ್ದಳು. ಈಗ ಅದು ನನ್ನ ಮೇಜಿನ ಮೇಲಿದೆ. ಮೊನ್ನೆ ಕೋಣೆಯ ಗೆಳತಿ ಅದನ್ನು ಕೈಗೆತ್ತಿಕೊಂಡಳು.

"ಯಾರಿವರು, ನಿಮ್ಮ ಅತ್ತಿ-ಮಾವ ಏನು? ಭಾಳ ಪ್ರೀತಿ ಅದ ನೋಡು."

"ಹೌದು," ಎಂದೆ.

"ಮತ್ತ ಹಿಂದ ಕೂದಲಾ ಹಾರಿಸ್ಕೊಂಡು, ಬಾಯಿ ತುಂಬ ನಗಲಿಕ್ಕತ್ತಾಳಲ್ಲ, ಈ ಹುಚ್ಚಿ ಯಾರು?"

ನಾನು ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದೆ.

"ಗೊತ್ತಿಲ್ಲ," ಎಂದೆ. "ಒಬ್ಬಾಕಿನೇ ಬಂದಿದ್ಲು."