ಹಳೇಬೀಡಿನ ತನಕ ತಡೆದುಕೊಳ್ಳುವುದು

ತಡೆದುಕೊಳ್ಳುವುದು ನನ್ನ ಜಾಯಮಾನದಲ್ಲೇ ಇಲ್ಲ. ಎಲೆಗೆ ಹೋಳಿಗೆ ಬಿದ್ದರೆ ಅನ್ನ ಬರುವಷ್ಟರಲ್ಲಿ ಮುಗಿಸಿ, ಪಕ್ಕದವರ ಎಲೆ ನೋಡುತ್ತಾ ಕೂರುವವನು ನಾನು. ನನ್ನ ಹೆಂಡತಿ ಸರೋಜಳ ಹೋಳಿಗೆ ಮಾತ್ರ ಮಜ್ಜಿಗೆ ಬರುವವರೆಗೂ ಎಲೆಯ ತುದಿಯಲ್ಲಿ ಕೂತು ನನ್ನನ್ನು ಅಣಕಿಸುತ್ತಿರುತ್ತದೆ. ಇಂಥ ನಾವಿಬ್ಬರೂ ಐವತ್ತು ದಾಟಿದ ಮೇಲೆ ಸೈಕಲ್ ಸ್ಪರ್ಧೆಗೆ ಹೆಸರು ಕೊಟ್ಟೆವು. ಬೇಲೂರಿನಿಂದ ಹಳೇಬೀಡಿಗೆ ಹೋಗಿ ವಾಪಸ್ ಬರಬೇಕು. ನಿಮಿಷಕ್ಕೊಬ್ಬರಂತೆ ಒಬ್ಬೊಬ್ಬರನ್ನೇ ಬಿಡುತ್ತಾರೆ. ಯಾರ ಬೆನ್ನಿಗೂ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳುವಂತಿಲ್ಲ, ಗಡಿಯಾರವೇ ಎದುರಾಳಿ. ನನ್ನ ನಂತರದ ನಂಬರು ಸರೋಜಳದ್ದು. ಅವಳೇನಾದರೂ ನನ್ನನ್ನು ಹಿಂದೆ ಹಾಕಿದರೆ ಒಂದು ತಿಂಗಳು ಬೆಳಗಿನ ತಿಂಡಿ ಮಾಡುವ ಕೆಲಸ ನನ್ನದು ಎಂದು ನೆಂಟರೆದುರು ಕೊಚ್ಚಿಕೊಂಡುಬಿಟ್ಟಿದ್ದೆ.

"ಹಳೇಬೀಡಿನ ತನಕ ಮಾತಾಡೋಕೆ ಆಗೋ ಹಾಗೆ ತುಳೀರಿ. ಮಾತು ನಿಂತ್ರೆ ಜೋರಾಯ್ತು ಅಂತ ಅರ್ಥ," ಎಂದಳು, ಹೊರಡುವ ಮುಂಚೆ. ನಾನು ಬಂದಿದ್ದು ತುಳಿಯಲು, ಹರಟಲು ಅಲ್ಲವಲ್ಲ! ಬಿಟ್ಟ ಬಾಣದಂತೆ ಹೋದೆ. ದಾರಿಯಲ್ಲಿ ಹಾಲಿನ ಕ್ಯಾನು ಹಿಡಿದು ನಿಂತಿದ್ದ ಪರಿಚಯದ ನಂಜೇಗೌಡರು, "ಏನ್ ಸಾ, ಎತ್ಲಾಗ್ ಹೊಂಟ್ರಿ?" ಅಂದರು. ನಮ್ಮ ಕಡೆ ಇದಕ್ಕೆ ಉತ್ತರ ಕೊಡದೆ ಹೋಗುವುದು ಜಗಳಕ್ಕೆ ಸಮ. ಆದರೂ ಹೋದೆ. ಹಳೇಬೀಡಿನಲ್ಲಿ ತಿರುಗಿಕೊಂಡು ಒಂದು ಮೈಲಿ ಬಂದ ಮೇಲೆ ಸರೋಜ ಎದುರಿಗೆ ಸಿಕ್ಕಿದಳು, ಯಾರಿಗೋ ಕೈಬೀಸುತ್ತಾ. ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಎದುರುಗಾಳಿ ಶುರುವಾಯಿತು. ಕಾಲುಗಳು ನನ್ನವು ಅನ್ನಿಸುವುದೇ ನಿಂತುಹೋಯಿತು.

ಮತ್ತೆ ಅದೇ ಗೌಡರ ಹತ್ತಿರ ಬರುವಾಗ ಹಿಂದಿನಿಂದ ದನಿ ಕೇಳಿತು. "ಹಳೇಬೀಡಿಗೆ ಹೋಗಿದ್ವಿ ಗೌಡ್ರೇ, ಮನೇಲೆಲ್ಲ ಚೆನ್ನಾಗಿದಾರಾ?"

"ಸಂದಾಕವ್ರೆ ಕಣವ್ವ! ಯಜಮಾನ್ರಿಗೆ ಉಸಾರಿಲ್ವಾ? ಹೋಗೋವಾಗ ಮಾತೇ ಆಡ್ನಿಲ್ಲ, ಈಗ ಆಡಾಕೇ ಆಯ್ತಿಲ್ಲ!"

ಸರೋಜ ನನ್ನ ಪಕ್ಕಕ್ಕೆ ಬಂದು, "ನಾಳೆ ತಿಂಡಿಗೆ ಉಪ್ಪಿಟ್ಟು ಮಾಡ್ತೀರಾ?" ಎಂದು ಕೇಳಿದಳು. ಇಲ್ಲ ಎನ್ನಲು ಉಸಿರಿರಲಿಲ್ಲ. ಮೌನವೇ ಸಮ್ಮತಿಯೆಂದು ಮುಂದೆ ಹೊರಟುಹೋದಳು. ನಾಚಿಕೆಯಾಯಿತು, ನಿಜ. ಆದರೆ ಬೇಲೂರಿನ ಕಡೆ ಸಣ್ಣದಾಗುತ್ತಿದ್ದ ಆ ಬೆನ್ನು ನೋಡಿ, ಸುಳ್ಳೇಕೆ, ಖುಷಿಯೂ ಆಯಿತು.

ಮರುದಿನ ಬಾಣಲೆಗೆ ರವೆ ಸುರಿದೆ. ಆಫೀಸಿಗೆ ಹೊತ್ತಾಗುತ್ತದೆಂದು ಉರಿ ದೊಡ್ಡದು ಮಾಡಿದೆ. ಸೀದ ವಾಸನೆ ನಡುಮನೆಗೆ ಮುಟ್ಟಿತು. ಸರೋಜ ಪೇಪರಿನಿಂದ ತಲೆಯನ್ನೂ ಎತ್ತಲಿಲ್ಲ.

"ಇನ್ನೂ ಹಳೇಬೀಡೇ ಬಂದಿಲ್ಲ ಕಣ್ರೀ," ಎಂದಳು.