ತಲೆ ಪಾಸಾದ್ರೆ ಗಾಡಿ ಕೀ

ನಾನಿರೋ ಕಡೆ ತಮಾಷೆ ತಾನಾಗೇ ಬಂದು ಕೂತ್ಕೊಳ್ತದೆ. ನಾನೇನೂ ಕರೆಯಲ್ಲ, ಬಂದ್ಮೇಲೆ ಓಡ್ಸೋದೂ ಇಲ್ಲ.

ಅಬ್ಬಿಗೆರೇಲಿ ನನ್ನ ಗೊತ್ತಿಲ್ದೋರು ಯಾರಿದಾರೆ? ಈ ಬಿಲ್ಡಿಂಗ್‌ಗಳೆಲ್ಲಾ ಏಳೋಕ್ ಮುಂಚೆ ದನದ ಸಂತೇಲಿ ನಾನೇ ದಲ್ಲಾಳಿ. ಟವೆಲ್ ಕೆಳಗೆ ಕೈ ಹಾಕಿ ಬೆರಳಲ್ಲೇ ಬೆಲೆ ಮಾತಾಡೋದು, ಬಾಯಿ ಬಿಡಂಗಿಲ್ಲ. ಓದಿದ್ದು ಕಮ್ಮಿ. ಆದ್ರೆ ಒಂದ್ಸಲ ನೋಡಿದ ಎತ್ತಿನ ಸುಳಿ ಇವತ್ತಿಗೂ ಮರ್ತಿಲ್ಲ.

ಇಂಥಾ ತಲೆ, ಹೆಸರಘಟ್ಟ ರೋಡಲ್ಲಿ ನಾಯಿ ಅಡ್ಡ ಬಂದು, ಮೊಪೆಡ್ಡಿಂದ ಹಾರಿ ಕಲ್ಲಿಗೆ ಬಡೀತು. ಕಲ್ಲಿಗೆ ಏನಾಯ್ತೋ ನೋಡೋಕಾಗ್ಲಿಲ್ಲ. ನಂಗೆ ಹೊಲಿಗೆ ಹಾಕಿದ್ರು. ವಾಸಿಯಾಗಿ ಮನೆಗೆ ಬಂದ್ರೆ ನಮ್ಮ ಮನೆಯೋಳು ಮೊಪೆಡ್ ಕೀ ಎತ್ತಿ ಎಲೆಅಡಿಕೆ ಚೀಲಕ್ಕೆ ಹಾಕಿ ಸೊಂಟಕ್ಕೆ ಸಿಗ್ಸ್ಕೊಂಡ್ಲು.

"ಮಿದುಳು ಪರೀಕ್ಷೆ ಮಾಡಿಸ್ಬೇಕಂತೆ. ಪಾಸಾದ್ರೆ ಕೀ. ಇಲ್ದಿದ್ರೆ ಮನೇಲೇ ಬಿದ್ದಿರು."

ಮನೇಲಿ ಕೂತು ಇವಳ ಜೊತೆ ಧಾರಾವಾಹಿ ನೋಡ್ಬೇಕಾ? ಅದಕ್ಕಿಂತ ಆ ಕಲ್ಲೇ ವಾಸಿ. ಹೊರಟೆ ಹೆಬ್ಬಾಳದ ಆಸ್ಪತ್ರೆಗೆ.

ಎತ್ತಿನ ಚಿತ್ರ

ಪರೀಕ್ಷೆ ಮಾಡೋಳು ಧಾರವಾಡದ ಕಡೆ ಹುಡುಗಿ. ಪಕ್ಕದಲ್ಲಿ ನಮ್ಮ ಮನೆಯೋಳನ್ನೂ ಕೂರಿಸ್ಕೊಂಡು, ಒಂದು ಕಾರ್ಡ್ ತೋರಿಸಿದ್ಲು.

"ಅಜ್ಜಾರ, ಇದೇನು ಹೇಳ್ರಿ?"

ಕಾರ್ಡ್ ಕೈಗೆ ತಗೊಂಡೆ. ಬೆಳಕಿಗೆ ಹಿಡಿದೆ. ತಿರುಗಿಸ್ದೆ.

"ಗೊತ್ತಾಗವಲ್ದೇನ್ರಿ?" ಅಂದ್ಲು, ಪಾಪ, ಮರುಕದಲ್ಲಿ.

"ಗೊತ್ತಾಗ್ದೆ ಏನಮ್ಮ? ಹಿಂದಿನ ಎಡಗಾಲು ಕುಂಟು. ಹೆಗಲು ನೋಡಿದ್ರೆ ನೊಗ ಹೊತ್ತಂಗೇ ಇಲ್ಲ. ಹಲ್ಲು ಕಾಣದಂಗೆ ಬಾಯಿ ಮುಚ್ಚಿ ಬರ್ದಿದಾನೆ, ಅಂದ್ರೆ ವಯಸ್ಸಾಗೈತೆ. ಯಾರು ನಿಂಗಿದನ್ನ ದಾಟಿಸ್ದೋನು?"

"ಬರೇ 'ಎತ್ತು' ಅನ್ರಿ ಅಜ್ಜಾರ, ಸಾಕು."

"ಬರೇ 'ಎತ್ತು' ಅಂತ ನೋಡೋರಿಗೇ ತಾಯಿ, ಇಂಥಾದ್ದು ಮಾರೋದು."

ಮನೆಯೋಳ ಸಾಕ್ಷಿ

ಆಮೇಲೆ ನಮ್ಮ ಮನೆಯೋಳ ಕಡೆ ತಿರುಗಿದ್ಲು. "ಅಮ್ಮಾರ, ಅಜ್ಜಾರು ಏನರೆ ಮರೀತಾರೇನ್ರಿ?"

"ಈವಯ್ಯನಾ? ನಮ್ಮಪ್ಪ ಮದುವೇಲಿ ಹಾಕಿದ ಉಂಗುರ ಸಣ್ಣದು ಅನ್ನೋದನ್ನ ಇವತ್ತಿಗೂ ಮರ್ತಿಲ್ಲ."

ಭೇಷ್ ಅನ್ಕೊಂಡೆ. ನನ್ನ ಕಡೆನೇ ಮಾತಾಡ್ತಾವ್ಳೆ.

"ತಲಿಗೆ ಪೆಟ್ಟ ಬಿದ್ದ ಮ್ಯಾಲೆ ಸ್ವಭಾವ ಬದಲಾಗೇತೇನ್ರಿ? ಸಿಟ್ಟು, ಹಟ, ಜಂಬ ಕೊಚ್ಚೋದು?"

ನಮ್ಮ ಮನೆಯೋಳು ಒಂದು ನಿಟ್ಟುಸಿರು ಬಿಟ್ಲು.

"ಏನೂ ಬದಲಾಗಿಲ್ಲ ಕಣಮ್ಮ. ಬಿದ್ದಾಗ, ಇನ್ನಾದ್ರೂ ಸರಿಹೋಯ್ತದೆ ಅಂತ ಸ್ವಲ್ಪ ಆಸೆ ಇಟ್ಕೊಂಡಿದ್ದೆ."

ಕೈ ವ್ಯಾಪಾರ

ನಮ್ಮ ಮನೆಯೋಳನ್ನ ಹೊರಗೆ ಬೆಂಚಿನ ಮೇಲೆ ಕೂರಿಸಿ ಬಂದು, ಆ ಹುಡುಗಿ ಮೇಜಿನ ಮೇಲೆ ಕೈ ಇಟ್ಲು. ಮೊದಲು ಮುಷ್ಟಿ. ಆಮೇಲೆ ಕೈ ಅಡ್ಡ. ಆಮೇಲೆ ಅಂಗೈ ಮಟ್ಟಸ.

"ನಾ ಮಾಡಿದಂಗ ನೀವೂ ಮಾಡ್ರಿ."

ಇಲ್ಲೇ ನೋಡಿ ತಕರಾರು ಬಂದಿದ್ದು. ಎದುರಿನೋನು ತೋರ್ಸಿದ ಕೈನೇ ವಾಪಸ್ ತೋರ್ಸಿದ್ರೆ ಸಂತೇಲಿ ಏನರ್ಥ? ಅವನ ಬೆಲೆಗೆ ನಾನು ಒಪ್ಪಿದಂಗೆ. ಮೊದಲ ಮಾತಿಗೇ ಒಪ್ಪಿದ ದಲ್ಲಾಳಿ ಅಂತ ನಾನು ಕರೆಸ್ಕೊಳ್ಳೋಕಾಯ್ತದಾ? ಎರಡು ಬೆರಳು ತೋರಿಸ್ದೆ.

"ಹಂಗಲ್ರಿ. ನಾ ಮಾಡಿದ್ದನ್ನ ಮಾಡ್ರಿ." ಮತ್ತೆ ಮುಷ್ಟಿ, ಅಡ್ಡ, ಅಂಗೈ.

"ಅಷ್ಟು ಬೇಗ ಆಗಲ್ಲ ತಾಯಿ, ಇನ್ನೂ ಇಳ್ಸು." ಒಂದು ಬೆರಳು ಮಡಚಿದೆ. ಬಯಲಲ್ಲಿ ಬೆಲೆ ಮಾತಾಡ್ಬಾರ್ದು ಅಂತ ಹೆಗಲ ಮೇಲಿನ ಟವೆಲ್ ತೆಗೆದು ಇಬ್ರ ಕೈ ಮೇಲೂ ಹಾಸ್ದೆ.

"ಅಜ್ಜಾರ, ಏನ್ ಮಾಡಾಕತ್ತೀರಿ!"

"ಮೆತ್ತಗೆ. ಬೇರೆಯೋರು ಕೇಳಿಸ್ಕೊಂಡಾರು."

ಕೊನೆಗೆ ಸಾಕಾಗಿ, ನಾನು ಹೆಂಗೆ ಹಿಡಿದಿದ್ನೋ ಅಂಗೇ ಅವಳೂ ಬೆರಳು ಹಿಡಿದ್ಲು. ವ್ಯಾಪಾರ ಕುದುರ್ತು ಅಂದೆ. ಏನು ಮಾರಿದ್ದು ಅಂತ ಮಾತ್ರ ಇಬ್ರಿಗೂ ಗೊತ್ತಿಲ್ಲ.

ಒತ್ತೆ

ಅವಳು ಟವೆಲ್ ಕಿತ್ಕೊಂಡು ಮಡಚಿ ಡ್ರಾಯರಲ್ಲಿಟ್ಲು. "ಇದೂ ಒಂದ್ ಪರೀಕ್ಷೆ ಅಜ್ಜಾರ. ಕಡೀಕ ಫೋನಿನಾಗ ಗಂಟಿ ಹೊಡೀತದ. ಆವಾಗ ನೆನಪಿಟ್ಟು ಟವೆಲ್ ಕೇಳಿ ಇಸ್ಕೊಳ್ರಿ."

ನಮ್ಮ ಕಸುಬಲ್ಲಿ ಒಂದು ವಸ್ತು ಕೊಟ್ರೆ ಒಂದು ವಸ್ತು ಒತ್ತೆ ಇಸ್ಕೊಳ್ಳೇಬೇಕು. ಮೇಜಿನ ಮೇಲೆ ಅವಳ ಓಟದ ಗಡಿಯಾರ ಇತ್ತು, ಟಿಕ್ ಅಂತ ಒತ್ತಿ ನಿಮಿಷ ಲೆಕ್ಕ ಹಾಕ್ತಾರಲ್ಲ, ಅದು. ಸುಮ್ನೆ ಜೇಬಿಗಿಳಿಸ್ದೆ.

ಆಮೇಲೆ ಪಾಪ, ಪರೀಕ್ಷೆ ಪೂರ್ತಿ ಅದನ್ನ ಹುಡುಕಿದ್ದೇ ಹುಡುಕಿದ್ದು. "ಇಲ್ಲೇ ಇಟ್ಟಿದ್ನಲ್ಲಾ..." ಅಂತ ಪುಸ್ತಕ ಎತ್ತಿದ್ಲು, ಕುರ್ಚಿ ಕೆಳಗೆ ಬಗ್ಗಿದ್ಲು. ಅಷ್ಟರಲ್ಲಿ ಗಂಟೆ ಹೊಡೀತು.

"ಕೆಳಗಿನ ಡ್ರಾಯರು, ನೀಲಿ ಪುಸ್ತಕದ ಮೇಲೆ. ತೆಗಿ ನನ್ ಟವೆಲ್ಲ," ಅಂದೆ. "ಈಗ ನಿನ್ ಗಡಿಯಾರ ಎಲ್ಲೈತೆ ಹೇಳು?"

ಮತ್ತೆ ಮೇಜಿನ ಕೆಳಗೆ ಬಗ್ಗೋಕೆ ಹೋದ್ಲು. ಜೇಬಿಂದ ತೆಗೆದು ಕೊಟ್ಟೆ. "ನೀನೂ ಒಂದು ಪರೀಕ್ಷೆ ಮಾಡಿಸ್ಕೊ ಮಗಾ. ಈ ವಯಸ್ಸಿಗೇ ಇಂಗಾದ್ರೆ ಕಷ್ಟ."

ನಕ್ಕೂ ನಕ್ಕೂ ಸುಸ್ತಾದ್ಲು. ಒಳಗಿಂದ ದೊಡ್ಡ ಡಾಕ್ಟ್ರ ಸಹಿ ಹಾಕಿಸ್ಕೊಂಡು ಬಂದು ಕಾಗದ ಕೊಟ್ಲು. "ನೆನಪು ಭಾಳ ಗಟ್ಟಿ ಐತ್ರಿ. ಹೆಲ್ಮೆಟ್ ಹಾಕ್ಕೊಂಡು ಗಾಡಿ ಹೊಡೀರಿ."

ನೆನಪು ಗಟ್ಟಿ

ಕಾಗದ ಹಿಡ್ಕೊಂಡು ರಾಜನಂಗೆ ಹೊರಬಿದ್ದೆ. ಬಸ್ಸಲ್ಲಿ ಪಕ್ಕದೋನಿಗೆ ತೋರಿಸ್ದೆ. ಕಂಡಕ್ಟರ್‌ಗೆ ತೋರಿಸ್ದೆ. ಅಬ್ಬಿಗೆರೇಲಿ ಇಳಿದು ಟೀ ಅಂಗಡಿಯೋನ ಕೈಲಿ ಜೋರಾಗಿ ಓದ್ಸ್ದೆ. "ನೆನಪಿನ ಶಕ್ತಿ ಉತ್ತಮ!" ಮನೆಗೆ ಬಂದು ಮೊಪೆಡ್ ಒರೆಸಿ, ಹೆಲ್ಮೆಟ್ ಹಾಕ್ಕೊಂಡು, ಕಾಲೆತ್ತಿ ಕೂತು, ಕೀಗೆ ಕೈ ಚಾಚಿದೆ.

ಕೀ ಎಲೆಅಡಿಕೆ ಚೀಲದಲ್ಲಿ. ಚೀಲ ನಮ್ಮ ಮನೆಯೋಳ ಸೊಂಟದಲ್ಲಿ. ಸೊಂಟ ಹೆಬ್ಬಾಳದಲ್ಲಿ, ಬೆಂಚಿನ ಮೇಲೆ.

ಏನ್ ಮಾಡೋದು ಅಂತ ಹೆಲ್ಮೆಟ್ ಒಳಗೇ ತಲೆ ಕೆರ್ಕೊಳ್ಳೋಕೆ ನೋಡ್ತಿದ್ದೆ, ಗೇಟ್ ಸದ್ದಾಯ್ತು. ಹೆಂಗಸರಿಗೆ ಬಸ್ ಫ್ರೀ ನೋಡಿ, ನನ್ನ ಹಿಂದೇನೇ ಬಂದ ಬಸ್ಸಿಗೆ ಬಂದುಬಿಟ್ಟಿದ್ಲು. ಸೀದಾ ಬಂದು ಗಾಡಿಗೆ ಅಡ್ಡ ನಿಂತ್ಲು.

ನಾನೇನ್ ಸೋಲೋನಾ? "ಮರ್ತಿರ್ಲಿಲ್ಲ ಕಣೇ," ಅಂದೆ. "ಅವರು ಕಾಗದ ಕೊಟ್ರಲ್ಲ, ಅದಕ್ಕೆ ನಿನ್ನ ಅಲ್ಲಿ ಒತ್ತೆ ಬಿಟ್ಟು ಬಂದಿದ್ದೆ."

ಅವಳು ಸೊಂಟದ ಚೀಲ ಬಿಚ್ಚಿ, ಕೀನ ಈ ಕಡೆ ಸರಿಸಿ, ಒಂದು ಎಲೆ ತೆಗೆದು ಸುಣ್ಣ ಹಚ್ಚಿ ಬಾಯಿಗಿಟ್ಕೊಂಡು, ಚೀಲ ಮತ್ತೆ ಬಿಗಿದ್ಲು.

"ನನ್ನ ನಾನೇ ಬಿಡಿಸ್ಕೊಂಡು ಬಂದಿದೀನಿ. ಆ ಸಾಲ ನೀನು ತೀರ್ಸೋವರ್ಗೂ ಕೀ ಒತ್ತೆ ಇರ್ಲಿ. ಇಳಿ ಕೆಳಗೆ, ಧಾರಾವಾಹಿ ಶುರುವಾಗೈತೆ."