ವಿನಿತಾ ಅವರ ಮೊದಲ ಪಿಸ್ತೂಲಿನ ಆಯ್ಕೆಯಲ್ಲಿ ಪಾಲಿಸತಕ್ಕ ಕ್ರಮಗಳು

ಶನಿವಾರದ ಊಟದ ಮನೆಗಳ ಸಮನ್ವಯ ವಿಭಾಗ
ನೋವೈ–ನಾರ್ತ್‌ವಿಲ್ ವಲಯ, ಮಿಷಿಗನ್

ಸಂಖ್ಯೆ: ಶಊಸವಿ/ಆಯುಧ/01/2025
(ಕೋಸಂಬರಿ ಶಾಖೆಯಿಂದ ವರ್ಗಾವಣೆಯಾದ ಕಡತ)

ಸುತ್ತೋಲೆ

ವಿಷಯ: ಪದವಿ ಪಡೆದ ಸಂತೋಷಕ್ಕೆ ತಮಗೆ ತಾವೇ ಪಿಸ್ತೂಲು ಉಡುಗೊರೆ ಕೊಟ್ಟುಕೊಳ್ಳುವ ಬಗ್ಗೆ.

ಉಲ್ಲೇಖ:
1. ಶ್ರೀಮತಿ ವಿನಿತಾ ಅವರು ಶ್ರೀಮತಿ ಪದ್ಮ ಅವರ ಮನೆಯಲ್ಲಿ, ಎರಡನೇ ಸಲ ಸಾರು ಬಡಿಸಿಕೊಳ್ಳುವಾಗ ನೀಡಿದ ಮೌಖಿಕ ಹೇಳಿಕೆ.
2. ಸದರಿ ಹೇಳಿಕೆಯ ನಂತರ ವಾಟ್ಸಾಪ್ ಗುಂಪಿನಲ್ಲಿ ಎದ್ದ ಗದ್ದಲ.
3. ಇಂಥ ವಿಷಯಕ್ಕೆ ಸಂಬಂಧಿಸಿದ ಹಿಂದಿನ ಆದೇಶ: ಇಲ್ಲ.

ಪ್ರಸ್ತಾವನೆ:

ಈ ವಲಯದ ಕೆಲವು ಕನ್ನಡ ಮನೆಯವರು ಪ್ರತಿ ಶನಿವಾರ ಒಬ್ಬರ ಮನೆಯಲ್ಲಿ ಸೇರಿ, ಮನೆಗೊಂದು ಪದಾರ್ಥ ತಂದು ಉಣ್ಣುವ ಪದ್ಧತಿ ಇರುತ್ತದೆ. ಯಾರು ಏನು ತರಬೇಕೆಂದು ಹಂಚದಿದ್ದರೆ ಎಲ್ಲರೂ ಮೊಸರನ್ನವನ್ನೇ ತರುತ್ತಾರೆಂಬ ಕಾರಣಕ್ಕೆ ಈ ವಿಭಾಗವನ್ನು ಸ್ಥಾಪಿಸಲಾಗಿದೆ. ವಿಭಾಗದ ಏಕೈಕ ಸಿಬ್ಬಂದಿಯೆಂದರೆ ಬಾಗಲಕೋಟೆ ಕಡೆಯ ಸರ್ಕಾರಿ ಕಚೇರಿಯೊಂದರಲ್ಲಿ ಅಧೀಕ್ಷಕರಾಗಿ ನಿವೃತ್ತರಾಗಿ, ಸದ್ಯ ನಾರ್ತ್‌ವಿಲ್‌ನಲ್ಲಿ ಮಗನ ಮನೆಯಲ್ಲಿರುವ ಕೆಳಸಹಿದಾರರು. ಚಪರಾಸಿ ಹುದ್ದೆ ಖಾಲಿ ಇರುತ್ತದೆ.

ಶ್ರೀಮತಿ ವಿನಿತಾ ಅವರು ಶ್ರೀ ಅಶ್ವಥ್ ಅವರ ಪತ್ನಿ, ಹೈಸ್ಕೂಲಿನಲ್ಲಿ ಓದುವ ಕುಮಾರಿ ಸಿಯಾಳ ತಾಯಿ ಮತ್ತು ಈ ವಲಯದ ಪುಳಿಯೋಗರೆಯ ಕಾಯಂ ಹೊಣೆಗಾರರು. ಗ್ರೀನ್ ಕಾರ್ಡ್ ಬರುವ ತನಕ ಕೆಲಸಕ್ಕೆ ಹೋಗುವ ಹಾಗಿಲ್ಲದೆ ಮನೆಯಲ್ಲೇ ಇದ್ದು, ಅದು ಬಂದ ಮೇಲೆ ಸೌತ್‌ಫೀಲ್ಡ್‌ನ ವಿಶ್ವವಿದ್ಯಾಲಯವೊಂದಕ್ಕೆ ಸಂಜೆ ಹೊತ್ತು ಡ್ರೈವ್ ಮಾಡಿಕೊಂಡು ಹೋಗಿ ಓದಿ, ಈ ಮೇ ತಿಂಗಳಲ್ಲಿ ಎಂ.ಎಸ್. ಮುಗಿಸಿರುತ್ತಾರೆ. ಸಾರಿನ ಸೌಟು ಕೈಯಲ್ಲಿರುವಾಗ ಅವರು ಆಡಿದ ಮಾತನ್ನು ಇದ್ದ ಹಾಗೆಯೇ ಕೆಳಗೆ ನಮೂದಿಸಲಾಗಿದೆ:

“ಪದವಿ ಬಂತಲ್ಲ, ನನಗೆ ನಾನೇ ಒಂದು ಗನ್ ಕೊಡಿಸ್ಕೋತಿದೀನಿ. ಕ್ಲಾಸಿನವರ ಜೊತೆ ಶೂಟಿಂಗ್ ರೇಂಜ್‌ಗೆ ಹೋಗಿದ್ದೆ, ಹೊಡೆದೆ, ಚೆನ್ನಾಗಿ ಹೊಡೀತೀಯ ಅಂದ್ರು. ಕಾಗದಕ್ಕೆ ತೂತು ಮಾಡೋದು ಅಷ್ಟೇ, ಯಾರೂ ಗಾಬರಿ ಬೀಳ್ಬೇಡಿ. ಯಾವುದು ಅಂತ ನಾನೇ ಆರಿಸ್ತೀನಿ. ಇದೊಂದನ್ನ ನನಗೆ ಬಿಟ್ಬಿಡಿ.”

ಕೊನೆಯ ವಾಕ್ಯವನ್ನು ಈ ವಲಯದಲ್ಲಿ ಹಿಂದೆ ಯಾರೂ ಆಡಿದ ದಾಖಲೆ ಇರುವುದಿಲ್ಲ. ಇಲ್ಲಿ ಒಂದು ಮನೆಯವರು ಬೆಳ್ಳಿ ಬಣ್ಣದ ಮಿನಿವ್ಯಾನ್ ಕೊಂಡರೆ ಎಲ್ಲ ಮನೆಗೂ ಬೆಳ್ಳಿ ಬಣ್ಣದ ಮಿನಿವ್ಯಾನೇ ಬರುತ್ತದೆ, ದೇವಸ್ಥಾನದ ಪಾರ್ಕಿಂಗ್‌ನಲ್ಲಿ ಯಾರದ್ದು ಯಾವುದೆಂದು ತಿಳಿಯದೆ ಒಬ್ಬರ ಗಾಡಿಯಲ್ಲಿ ಇನ್ನೊಬ್ಬರ ಮಕ್ಕಳು ಕೂತಿರುತ್ತಾರೆ. ಹೀಗಿರುವಾಗ ಒಬ್ಬರೇ ಆರಿಸುವುದು ಸಂಪ್ರದಾಯಕ್ಕೆ ವಿರುದ್ಧವಾದ ಕಾರಣ, ಈ ಕೆಳಕಂಡಂತೆ ಕ್ರಮವಹಿಸಲು ಈ ಮೂಲಕ ಸೂಚಿಸಲಾಗಿದೆ.

1. ವೀಸಾದ ಮೇಲೆ ಇರುವವರು ಈ ಸುತ್ತೋಲೆಯನ್ನು ಓದಿ ಆಸೆ ಪಡತಕ್ಕದ್ದಲ್ಲ. ಅವರಿಗೆ ಈ ದೇಶದ ಕಾನೂನೇ ಬಹುಮಟ್ಟಿಗೆ ಅಡ್ಡ ಬರುತ್ತದೆ. ಗ್ರೀನ್ ಕಾರ್ಡ್ ಇದ್ದವರು ಆಸೆ ಪಡಬಹುದು, ಆದರೆ ಊಟವಾದ ನಂತರ.

2. ಪದವಿಯ ಉಡುಗೊರೆಯೆಂದರೆ ಬಳೆ, ಸೀರೆ, ಹೆಚ್ಚೆಂದರೆ ಗ್ರೈಂಡರ್ ಎಂಬುದು ಈ ವಿಭಾಗದ ತಿಳುವಳಿಕೆ. ಈ ಸಂಬಂಧ ಶ್ರೀಮತಿ ಪದ್ಮ ಅವರು “ಗ್ರೈಂಡರ್ ತಗೊಂಡ್ರೆ ನಾಲ್ಕು ಜನಕ್ಕೆ ದೋಸೆ ಆಗತ್ತೆ, ಗನ್ ತಗೊಂಡ್ರೆ ಏನಾಗತ್ತೆ ವಿನಿತಾ?” ಎಂದು ಲಿಖಿತವಾಗಿ ಕೇಳಿದ್ದು, “ನನಗೆ ಖುಷಿ ಆಗತ್ತೆ ಆಂಟಿ” ಎಂದು ಉತ್ತರ ಬಂದಿರುತ್ತದೆ. ಖುಷಿಗೆಂದು ಕಡತದಲ್ಲಿ ಪ್ರತ್ಯೇಕ ಕಾಲಂ ಇಲ್ಲದ್ದರಿಂದ ಸದರಿ ಉತ್ತರವನ್ನು ‘ಇತರೆ’ ಎಂಬಲ್ಲಿ ಸೇರಿಸಲಾಗಿದೆ.

3. ಕಾರು ಕಂಪನಿಯೊಂದರಲ್ಲಿ ಬ್ರೇಕಿನ ಎಂಜಿನಿಯರ್ ಆಗಿರುವ ಶ್ರೀ ಗುರುಸಿದ್ದ ಅವರು ಯಾರೂ ಕೇಳದಿದ್ದರೂ ಎಕ್ಸೆಲ್‌ನಲ್ಲಿ ತುಲನಾ ಪಟ್ಟಿ ತಯಾರಿಸಿರುತ್ತಾರೆ. ಹಳೆಯ ಕಾರಿನ ಪಟ್ಟಿಯನ್ನೇ ತಿದ್ದಿದ್ದರಿಂದ ಮೈಲೇಜ್, ರೀಸೇಲ್ ವ್ಯಾಲ್ಯೂ, ಹಿಂದಿನ ಸೀಟಿನಲ್ಲಿ ಅತ್ತೆ ಮಾವ ಆರಾಮವಾಗಿ ಕೂರಬಹುದೇ ಎಂಬ ಕಾಲಂಗಳು ಉಳಿದುಕೊಂಡಿವೆ. ಮೈಲೇಜ್ ತೆಗೆಯಲು ಸೂಚಿಸಿದಾಗ ಅವರು “ಗುಂಡು ಎಷ್ಟು ದೂರ ಹೋಗ್ತದ ಅನ್ನೂದ ಮೈಲೇಜ್ ಅಲ್ಲೇನ್ರಿ?” ಎಂದು ವಾದಿಸಿದ್ದು, ಸದರಿ ಕಾಲಂ ಅನ್ನು ಉಳಿಸಿಕೊಳ್ಳಲಾಗಿದೆ. ವಿಭಾಗದ ತಲೆ ಕೆಟ್ಟಿತೆಂದು ದಾಖಲಿಸಲಾಗಿದೆ.

4. ಪಿಸ್ತೂಲನ್ನು ರಾಹುಕಾಲದಲ್ಲಿ ಕೊಳ್ಳತಕ್ಕದ್ದಲ್ಲ. ರಾಹುಕಾಲವನ್ನು ಡೆಟ್ರಾಯ್ಟ್ ಗಂಟೆಯಂತೆ ಲೆಕ್ಕ ಹಾಕುವುದೋ ಬೆಂಗಳೂರಿನ ಗಂಟೆಯಂತೆಯೋ ಎಂಬ ವಿವಾದ ಇತ್ಯರ್ಥವಾಗುವ ತನಕ ಎರಡನ್ನೂ ಬಿಡತಕ್ಕದ್ದು. ಡಿಸ್ಕೌಂಟ್ ಇದ್ದ ಪಕ್ಷದಲ್ಲಿ ಯಾವುದನ್ನೂ ಬಿಡಬೇಕಾಗಿಲ್ಲ.

5. ಕೊಂಡ ಪಿಸ್ತೂಲನ್ನು ಗುಂಡು ತೆಗೆದು, ಬೀಗ ಹಾಕಿದ ಪೆಟ್ಟಿಗೆಯಲ್ಲೇ ಇಡತಕ್ಕದ್ದು. ಇದರಲ್ಲಿ ಯಾವ ವಿನಾಯಿತಿಯೂ ಇಲ್ಲ, ತಮಾಷೆಯೂ ಇಲ್ಲ. ಬೀಗದ ಕೈಯನ್ನು ಗೋಡಂಬಿ ಡಬ್ಬಿಯಲ್ಲಿ ಬಚ್ಚಿಡುವ ಪದ್ಧತಿಯನ್ನು ನಿಷೇಧಿಸಲಾಗಿದೆ, ಏಕೆಂದರೆ ಗೋಡಂಬಿ ಎಲ್ಲಿದೆಯೆಂದು ಈ ವಲಯದ ಎಲ್ಲ ಮಕ್ಕಳಿಗೂ ಗೊತ್ತಿರುತ್ತದೆ.

6. ಆಯುಧ ಪೂಜೆ: ಈ ವಲಯದಲ್ಲಿ ಪ್ರತಿ ವರ್ಷ ಕಾರು, ಲ್ಯಾಪ್‌ಟಾಪ್ ಮತ್ತು ಹಿಮ ತಳ್ಳುವ ಯಂತ್ರಕ್ಕೆ ಪೂಜೆ ಸಲ್ಲುತ್ತಿದ್ದು, ಇಷ್ಟು ವರ್ಷವೂ ಆಯುಧವೇ ಇಲ್ಲದೆ ಆಯುಧ ಪೂಜೆ ನಡೆದಿರುವುದು ಈಗ ಗಮನಕ್ಕೆ ಬಂದಿರುತ್ತದೆ. ಹಾಗೆಂದು ಪಿಸ್ತೂಲಿಗೆ ಮೊದಲ ಮಂಗಳಾರತಿ ಕೊಡಲು ಬರುವುದಿಲ್ಲ. ಸೇವಾ ಹಿರಿತನದಂತೆ ಹಿಮ ತಳ್ಳುವ ಯಂತ್ರವೇ ಮುಂದು. ಕುಂಕುಮವನ್ನು ಪೆಟ್ಟಿಗೆಗೆ ಮಾತ್ರ ಹಚ್ಚತಕ್ಕದ್ದು. ನಿಂಬೆಹಣ್ಣನ್ನು ಯಾವುದರ ಕೆಳಗೆ ಇಡಬೇಕೆಂಬ ಬಗ್ಗೆ ಉಪಸಮಿತಿ ರಚಿಸಲಾಗಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ಕೆಲವರು ನಕ್ಕಿದ್ದು, ನಕ್ಕವರನ್ನೇ ಉಪಸಮಿತಿಗೆ ಹಾಕಲಾಗಿದೆ.

7. ಪಿಸ್ತೂಲು ಶನಿವಾರದ ಊಟಕ್ಕೆ ಬರತಕ್ಕದ್ದಲ್ಲ. ಬಂದರೆ ಅದೂ ಒಂದು ಪದಾರ್ಥ ತರಬೇಕಾಗುತ್ತದೆ.

8. ಮೇಲಿನ ಕಂಡಿಕೆಗಳು ಟೈಪ್ ಆಗುತ್ತಿರುವಾಗಲೇ, ವಿಭಾಗದ ಅನುಮತಿ ಪಡೆಯದೆ, ಭಾನುವಾರ ಅಂಗಡಿಗೆ ಹೊರಡುವುದೆಂದು ತೀರ್ಮಾನವಾಗಿರುತ್ತದೆ. ವಿನಿತಾ ಅವರು ಒಬ್ಬರೇ ಹೋಗುತ್ತೇನೆಂದರು. “ಒಬ್ಬಳೇ ಹೋಗಿ ಆರಿಸೋಕೆ ಅದೇನು ಕೊತ್ತಂಬರಿ ಸೊಪ್ಪಾ?” ಎಂದು ಪದ್ಮ ಅವರು ಕೇಳಿ, ಅಶ್ವಥ್ ಮತ್ತು ಸಿಯಾ ಸೇರಿ ಎರಡು ಮಿನಿವ್ಯಾನ್ ತುಂಬ ಜನ ಹೊರಟಿರುತ್ತಾರೆ. ಮೇಲ್ವಿಚಾರಣೆಗಾಗಿ ಕೆಳಸಹಿದಾರರೂ ಮುಂದಿನ ಸೀಟಿನಲ್ಲಿ ಹೋಗಿರುತ್ತಾರೆ.

ಅಂಗಡಿಯಲ್ಲಿ ನಡೆದದ್ದರ ವರದಿ: ವಿನಿತಾ ಅವರು ಒಳಗೆ ಹೋದವರೇ ಗಾಜಿನ ಪೆಟ್ಟಿಗೆಯಲ್ಲಿದ್ದ ಒಂದು ಕಪ್ಪು ಪಿಸ್ತೂಲಿನ ಮುಂದೆ ನಿಂತರು. ಕೂಡಲೇ ಸಮಸ್ತರೂ ಅವರನ್ನು ಸುತ್ತುವರಿದರು. ಕಪ್ಪು ಶುಭಕ್ಕೆ ಬೇಡವೆಂದು ಒಬ್ಬರು, ಐದು ತಗೊಂಡರೆ ಎಷ್ಟಕ್ಕೆ ಕೊಡುತ್ತೀರೆಂದು ಗುರುಸಿದ್ದ ಅವರು, ಇದಕ್ಕಿಂತ ಮೇಲಿನದು ತೋರಿಸಿ ಎಂದು ಪದ್ಮ ಅವರು. ಅಂಗಡಿಯವನು ಒಳ್ಳೆಯ ಮನುಷ್ಯ. ಒಂದೊಂದನ್ನೇ ತೆಗೆದು, ಖಾಲಿ ಇದೆಯೆಂದು ತೋರಿಸಿ, ಬಟ್ಟೆಯ ಮೇಲಿಟ್ಟ. ವಿನಿತಾ ಅವರಿಗೆ ಒಂದನ್ನೂ ಮುಟ್ಟುವ ಅವಕಾಶ ಸಿಗಲಿಲ್ಲ.

ತದನಂತರ ಪದ್ಮ ಅವರು ಕಂದು ಬಣ್ಣದ್ದೊಂದನ್ನು ಎತ್ತಿಕೊಂಡು, “ಟ್ಯೂಬ್‌ಲೈಟಲ್ಲಿ ಬಣ್ಣ ಗೊತ್ತಾಗಲ್ಲ ಕಣ್ರೀ, ಹಗಲು ಬೆಳಕಿಗೆ ಹಿಡಿದು ನೋಡ್ಬೇಕು” ಎಂದು ಬಾಗಿಲ ಕಡೆಗೆ ನಡೆದಿರುತ್ತಾರೆ. ರೇಷ್ಮೆ ಸೀರೆಯ ಅಂಗಡಿಗಳಲ್ಲಿ ಇದು ಅನಾದಿಯಿಂದ ನಡೆದು ಬಂದ ಕ್ರಮ, ಯಾವ ಅಂಗಡಿಯವನೂ ಆಕ್ಷೇಪಿಸಿದ್ದಿಲ್ಲ. ಇಲ್ಲಿ ಮಾತ್ರ ಕೌಂಟರಿನ ಹಿಂದಿದ್ದವರೆಲ್ಲ ಒಟ್ಟಿಗೆ ಎದ್ದು ನಿಂತರು. ಬಾಗಿಲಿಗೆ ತಾನಾಗಿಯೇ ಟಕ್ ಎಂದು ಬೀಗ ಬಿತ್ತು. “ಮ್ಯಾಮ್, ಪ್ಲೀಸ್ ಪುಟ್ ಇಟ್ ಡೌನ್” ಎಂದು ಬಹಳ ಮೆತ್ತಗೆ ಹೇಳಲಾಯಿತು. ಕೆಳಸಹಿದಾರರು ಸರ್ಕಾರಿ ಸೇವೆಯಲ್ಲಿ ಎಷ್ಟೋ ತಪಾಸಣೆ ಕಂಡವರು, ಆದರೂ ಆ ಕ್ಷಣದಲ್ಲಿ ಹನುಮಪ್ಪನನ್ನು ನೆನೆದಿರುತ್ತಾರೆ. ಪದ್ಮ ಅವರು ಪಿಸ್ತೂಲನ್ನು ಕೆಳಗಿಟ್ಟು, “ವಾಪಸ್ ತರ್ತಿದ್ದೆ” ಎಂದರು.

ಕೊಳ್ಳುವವರೊಬ್ಬರು ಒಳಗಿರಲಿ, ಉಳಿದವರು ದಯಮಾಡಿ ಹೊರಗೆ ಕಾಯಲಿ ಎಂದು ಅಂಗಡಿಯವನು ಆದೇಶಿಸಿದ್ದು, ಅದನ್ನು ಪಾಲಿಸಲಾಯಿತು.

9. ಹೊರಗೆ ಅಮೆರಿಕದ ಫ್ಯಾರನ್‌ಹೀಟ್ ಲೆಕ್ಕದಲ್ಲಿ ತೊಂಬತ್ತು ಡಿಗ್ರಿ ಬಿಸಿಲು. ನೆರಳಿಗೆ ಒಂದು ಮರವೂ ಇಲ್ಲದ ಪಾರ್ಕಿಂಗ್. ಪದ್ಮ ಅವರ ಮುಖ ಬಾಡಿತ್ತು. “ಪಾಪ, ಅವಳ ಸಂಭ್ರಮಾನ ಹಾಳು ಮಾಡ್ಬಿಟ್ವಿ. ಒಂದು ಕೇಕ್ ಆದ್ರೂ ತರೋಣ. ಅದರ ಮೇಲೆ ಹೆಸರು, ಓದಿದ್ದು ಎಲ್ಲಾ ಬರೆಸೋಣ” ಎಂಬ ಪ್ರಸ್ತಾವ ಮಂಡಿಸಿದರು. ಸರ್ವಾನುಮತದಿಂದ ಅಂಗೀಕರಿಸಲಾಯಿತು.

ಓದಿದ್ದು ಏನು ಎಂಬ ಪ್ರಶ್ನೆ ಅಲ್ಲಿ ಉದ್ಭವಿಸಿರುತ್ತದೆ.

“ಡೇಟಾ ಏನೋ ಇರಬೇಕ್ರಿ, ಈಗ ಎಲ್ಲಾರೂ ಅದನ್ನ ಓದತಾರ” ಎಂದು ಗುರುಸಿದ್ದ ಅವರು. ಎಂ.ಬಿ.ಎ. ಇರಬೇಕೆಂದು ಪದ್ಮ ಅವರು. “ಐ ಥಿಂಕ್ ಇಟ್ಸ್ ಸಮ್ ಎಂಜಿನಿಯರಿಂಗ್ ಥಿಂಗ್” ಎಂದು ಕುಮಾರಿ ಸಿಯಾ ಫೋನಿನಿಂದ ತಲೆಯೆತ್ತದೆ ತಿಳಿಸಿದಳು, ಆಮೇಲೆ ಎಲ್ಲರೂ ತನ್ನತ್ತ ತಿರುಗಿದ್ದಕ್ಕೆ ತಲೆಯೆತ್ತಿದಳು. ಶ್ರೀ ಅಶ್ವಥ್ ಅವರು ಮಿನಿವ್ಯಾನಿನ ಟೈರನ್ನು ನೋಡುತ್ತ ನಿಂತಿದ್ದರು. “ಹೇಳಿದ್ಲು ಅಂಕಲ್. ಒಂದೆರಡು ಸಲ ಹೇಳಿದ್ಲು. ನಾನು ಕಾಲ್‌ನಲ್ಲಿದ್ದೆ” ಎಂದರು.

ಪದವಿ ಪ್ರದಾನದ ಫೋಟೋ ನೋಡಿದರೆ ಗೊತ್ತಾದೀತೆಂದು ಪದ್ಮ ಅವರು ಹೇಳಿದ ಮೇಲೆ, ಫೋಟೋ ಯಾರ ಬಳಿ ಇದೆಯೆಂದು ವಿಚಾರಿಸಲಾಯಿತು. ಯಾರ ಬಳಿಯೂ ಇಲ್ಲ. ಪದವಿ ಪ್ರದಾನ ನಡೆದದ್ದು ಒಂದು ಶನಿವಾರ. ಅಶ್ವಥ್ ಮತ್ತು ಸಿಯಾ ವಾಲಿಬಾಲ್ ಪಂದ್ಯಕ್ಕೆ ಶಿಕಾಗೋಗೆ ಹೋಗಿದ್ದರು, ಉಳಿದವರೆಲ್ಲ ಊಟಕ್ಕೆ ಸೇರಿದ್ದೆವು. ಅಂದು ಪುಳಿಯೋಗರೆ ತಡವಾಗಿ ಬಂತೆಂದು ಎಲ್ಲರಿಗೂ ನೆನಪಿದೆ. ಏಕೆ ತಡವಾಯಿತೆಂದು ಕೇಳಿದವರು ಯಾರೂ ಇಲ್ಲ. ಆ ಹೆಣ್ಣುಮಗಳು ಕಪ್ಪು ಗೌನು ಹಾಕಿಕೊಂಡು ಒಬ್ಬಳೇ ಸೌತ್‌ಫೀಲ್ಡಿಗೆ ಹೋಗಿ, ವೇದಿಕೆ ಹತ್ತಿ ಇಳಿದು, ಗೌನನ್ನು ಡಿಕ್ಕಿಯಲ್ಲಿ ಮಡಚಿಟ್ಟು, ನಮಗೆ ಪುಳಿಯೋಗರೆ ಕಲಸಿ ತಂದಿರುತ್ತಾಳೆ. ಈ ವಲಯದ ಯಾವ ಮನೆಯಿಂದಲೂ ಅವಳಿಗೆ ಒಂದು ಹೂವಿನ ಹಾರವೂ ಸಂದಿರುವುದಿಲ್ಲ.

ತಮಗೆ ತಾವೇ ಯಾಕೆ ಉಡುಗೊರೆ ಕೊಟ್ಟುಕೊಳ್ಳಬೇಕು ಎಂದು ವಾಟ್ಸಾಪ್‌ನಲ್ಲಿ ಎಲ್ಲರೂ ಕೇಳಿದ್ದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಈ ಸಂಕಟಕ್ಕೂ ಕಡತದಲ್ಲಿ ಕಾಲಂ ಇಲ್ಲ.

10. ಅಷ್ಟರಲ್ಲಿ ವಿನಿತಾ ಅವರು ಹೊರಗೆ ಬಂದರು. ಕಾಗದಪತ್ರ ಆಗಬೇಕು, ಮುಂದಿನ ವಾರ ಕೊಡುತ್ತಾರೆ ಎಂದರು. “ಆರಿಸ್ದೆ. ಆ ಕಪ್ಪುದೇ” ಎಂದು ನಕ್ಕರು. ಆ ನಗುವನ್ನು ಇಷ್ಟು ವರ್ಷದ ಶನಿವಾರಗಳಲ್ಲಿ ಈ ವಿಭಾಗ ಕಂಡಿರಲಿಲ್ಲ. ಬಣ್ಣದ ಬಗ್ಗೆ ಯಾರೂ ಆಕ್ಷೇಪ ಸಲ್ಲಿಸಲಿಲ್ಲ. “ಯಾಕೆ ಎಲ್ಲಾ ಸುಮ್ನಾಗ್ಬಿಟ್ರಿ? ಅಷ್ಟು ಬೈದ್ರಾ ಅವರು?” ಎಂದು ಅವರೇ ನಮ್ಮನ್ನು ಸಮಾಧಾನ ಮಾಡಿದರು. ಹೆದ್ದಾರಿಯ ನೋವೈ ಎಕ್ಸಿಟ್ ಬರುವ ತನಕ ಗಾಡಿಯಲ್ಲಿ ಬಿಸಿಲಿನ ಬಗ್ಗೆ, ಟ್ರಾಫಿಕ್ಕಿನ ಬಗ್ಗೆ ಮಾತಾಯಿತೇ ಹೊರತು ಏನು ಓದಿದಿರೆಂದು ಒಬ್ಬರೂ ಕೇಳಲಿಲ್ಲ. ಇಷ್ಟು ದಿನ ಕೇಳದೆ ಈಗ ಕೇಳುವುದು ಹೇಗೆ ಎಂಬ ನಾಚಿಕೆಯೇ ಇದಕ್ಕೆ ಕಾರಣವೆಂದು ದಾಖಲಿಸಲಾಗಿದೆ.

11. ಆದ್ದರಿಂದ, ಬೀಗದ ಪೆಟ್ಟಿಗೆಯ ಕಂಡಿಕೆಯೊಂದನ್ನು ಉಳಿಸಿಕೊಂಡು ಪಿಸ್ತೂಲಿಗೆ ಸಂಬಂಧಿಸಿದ ಎಲ್ಲ ನಿಯಮಗಳನ್ನು ಈ ಮೂಲಕ ಹಿಂಪಡೆಯಲಾಗಿದೆ. ಆಯ್ಕೆ ಅವರದು. ಯಾವ ಷರಾ ಇಲ್ಲದೆ ಒಪ್ಪಲಾಗಿದೆ. ನಿಂಬೆಹಣ್ಣಿನ ಉಪಸಮಿತಿಯು ಬೇಕಿದ್ದರೆ ಪಾನಕ ಮಾಡಬಹುದು.

12. ಬರುವ ಶನಿವಾರ ಎಲ್ಲರೂ ಕೆಳಸಹಿದಾರರ ಮನೆಯಲ್ಲಿ ಸೇರತಕ್ಕದ್ದು. ವಿನಿತಾ ಅವರು ಬರಿಗೈಯಲ್ಲಿ ಬರತಕ್ಕದ್ದು. ಪುಳಿಯೋಗರೆ ಇಲ್ಲದೆ ಹೊಟ್ಟೆ ತುಂಬುವುದಿಲ್ಲ ಎನ್ನುವವರು ಹಸಿದುಕೊಂಡಿರತಕ್ಕದ್ದು. ಫೋನುಗಳನ್ನು ಬಾಗಿಲಲ್ಲಿ ಚಪ್ಪಲಿಯ ಪಕ್ಕ ಬಿಡತಕ್ಕದ್ದು, ಆಫೀಸಿನ ಕಾಲ್ ಬಂದರೆ ಚಪ್ಪಲಿಯೇ ಉತ್ತರಿಸಲಿ. ನಂತರ ಅವರು ಏನು ಓದಿದರು, ಯಾಕೆ ಅದನ್ನೇ ಓದಿದರು ಎಂದು ಕೇಳತಕ್ಕದ್ದು, ಮತ್ತು ಅವರು ಹೇಳಿ ಮುಗಿಸುವ ತನಕ ಕೂತು ಕೇಳತಕ್ಕದ್ದು. ಮಧ್ಯದಲ್ಲಿ “ಅದಿರ್ಲಿ, ಸಾರು ಹಾಕ್ಲಾ?” ಎಂದವರನ್ನು ಮೊಸರನ್ನದಿಂದ ಅಮಾನತುಗೊಳಿಸಲಾಗುವುದು. ತಿಳಿಯದಿದ್ದರೂ ತಲೆಯಾಡಿಸತಕ್ಕದ್ದು. ಈ ವಿಭಾಗಕ್ಕೆ ತಿಳಿಯುವುದಿಲ್ಲ, ಆದರೂ ಮುಂದಿನ ಸಾಲಿನಲ್ಲಿ ಕೂರುತ್ತದೆ.

ಸಹಿ/-
(ದಾನಪ್ಪ)
ಗೌರವ ಅಧೀಕ್ಷಕರು ಹಾಗೂ ಪ್ರಭಾರ ಚಪರಾಸಿ
ಶನಿವಾರದ ಊಟದ ಮನೆಗಳ ಸಮನ್ವಯ ವಿಭಾಗ

ಪ್ರತಿಗಳು:

1. ಶ್ರೀ ಅಶ್ವಥ್ ಅವರಿಗೆ. ಎರಡು ಸಲ ಓದತಕ್ಕದ್ದು.
2. ಕುಮಾರಿ ಸಿಯಾಗೆ. ಕನ್ನಡ ಓದಲು ಬಾರದಿದ್ದಲ್ಲಿ ತಂದೆಯವರು ಓದಿ ಹೇಳತಕ್ಕದ್ದು.
3. ಶ್ರೀಮತಿ ಪದ್ಮ ಅವರಿಗೆ, ಇನ್ನು ಮುಂದೆ ಸೀರೆಯನ್ನು ಮಾತ್ರ ಹಗಲು ಬೆಳಕಿಗೆ ಹಿಡಿಯಬೇಕೆಂಬ ವಿನಂತಿಯೊಂದಿಗೆ.
4. ಶ್ರೀ ಗುರುಸಿದ್ದ ಅವರಿಗೆ. ಎಕ್ಸೆಲ್ ಮುಚ್ಚುವುದು.
5. ಕೇಕಿನ ಅಂಗಡಿಗೆ, ಹೆಸರಿನ ಕೆಳಗಿನ ಸಾಲನ್ನು ಸದ್ಯಕ್ಕೆ ಬರೆಯಬಾರದೆಂಬ ಸೂಚನೆಯೊಂದಿಗೆ.
6. ಶ್ರೀಮತಿ ವಿನಿತಾ, ಎಂ.ಎಸ್. (........................) ಅವರಿಗೆ. ಬಿಟ್ಟ ಸ್ಥಳವನ್ನು ದಯಮಾಡಿ ತುಂಬಿ ಕೊಡುವುದು. ನಮಗೆ ಯಾರಿಗೂ ಗೊತ್ತಿಲ್ಲಮ್ಮ.